ಪೂರ್ಣ ಸಂಖ್ಯೆಗೆ ಭಿನ್ನರಾಶಿಯ ಗುಣಾಕಾರ: ಕಾಟು ಮೊದಲು, ಗುಣಿಸುವುದು ಆಮೇಲೆ

ಕುಮಟಾದ ನಮ್ಮನೆ ಜಗಲಿಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳೆಂಟು ಮಕ್ಕಳು ಲೆಕ್ಕಕ್ಕೆಂದು ಬಂದು ಕೂರುತ್ತಾರೆ. ಮೊನ್ನೆ ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟೆ: 12 × 5/8. ಬಂದ ಉತ್ತರಗಳು 60/96, 17/8, 60/8. ಒಂದೇ ಒಂದು ಪುಸ್ತಕದಲ್ಲಿ 7½ ಇತ್ತು. ವರ್ಷ ವರ್ಷ ಮಕ್ಕಳು ಬದಲಾಗುತ್ತಾರೆ, ಈ ತಪ್ಪುಗಳು ಬದಲಾಗುವುದಿಲ್ಲ.

"ಅಕ್ಕೋರೇ, ಮೇಲೂ ಗುಣಿಸ್ದೆ, ಕೆಳಗೂ ಗುಣಿಸ್ದೆ. ಮತ್ತೆಂತಕ್ಕೆ ತಪ್ಪು?" ಅಂತ 60/96 ಬರೆದವಳು ಕೇಳಿದಳು. ಅವಳ ಉತ್ತರವನ್ನೇ ಚಿಕ್ಕದು ಮಾಡಲು ಹೇಳಿದೆ. ಮೇಲೆ ಕೆಳಗೆ 12ರಿಂದ ಭಾಗಿಸಿದಳು, 5/8 ಬಂತು. ಹೊರಟಲ್ಲಿಗೇ ವಾಪಸು ಬಂದ ಹಾಗಾಯಿತು. ಹನ್ನೆರಡು ಎಲ್ಲಿ ಹೋಯಿತು ಅಂತ ಕೇಳಿದ್ದಕ್ಕೆ ಅವಳೇ ನಕ್ಕಳು. ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಭಿನ್ನರಾಶಿಯ ಬೆಲೆ ಬದಲಾಗುವುದಿಲ್ಲ, ಸಮಾನ ಭಿನ್ನರಾಶಿ ಸಿಗುತ್ತದೆ ಅಷ್ಟೆ. ಪೂರ್ಣ ಸಂಖ್ಯೆ ಗುಣಿಸಬೇಕಾದ್ದು ಮೇಲಿನ ಅಂಶವನ್ನು ಮಾತ್ರ.

ಇಷ್ಟು ಹೇಳಿದರೆ ಲೆಕ್ಕ ಬರುತ್ತದೆಯೇ ಅಂದರೆ, ಇಲ್ಲ. ನಿಯಮ ಬಾಯಿಪಾಠ ಇದ್ದವರೂ ಎಡವುವುದು ಕೆಲಸದ ಅನುಕ್ರಮದಲ್ಲಿ. ಗುಣಾಕಾರದ ಚಿಹ್ನೆ ಕಂಡ ಕೂಡಲೇ ಗುಣಿಸಿಬಿಡುತ್ತಾರೆ. ಕೈಗೆ ದೊಡ್ಡ ಸಂಖ್ಯೆ ಬರುತ್ತದೆ, ಅದನ್ನು ಚಿಕ್ಕದು ಮಾಡಲು ಹೋಗಿ ದಾರಿ ತಪ್ಪುತ್ತದೆ. ಕೆಳಗಿನ ಏಳು ಹಂತಗಳಲ್ಲಿ ಗುಣಿಸುವ ಕೆಲಸ ಐದನೆಯದು. ಅದಕ್ಕಿಂತ ಮುಂಚೆ ಅದನ್ನು ಮುಟ್ಟಬೇಡಿ.

## ಬೇಕಾದ ಸಾಮಾನು

ಚೌಕುಳಿ ಗೆರೆಯ ನೋಟ್‌ಬುಕ್, ಪೆನ್ಸಿಲು, ಕಾಟು ಹಾಕಲು, ಅಂದರೆ ಮೇಲಿನದನ್ನೂ ಕೆಳಗಿನದನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಹಳೆಯದನ್ನು ಹೊಡೆಯಲು, ಬೇರೆ ಬಣ್ಣದ ಒಂದು ಪೆನ್ನು. ಇಪ್ಪತ್ತರವರೆಗೆ ಮಗ್ಗಿ ಬಾಯಿಗೆ ಬರುತ್ತಿದ್ದರೆ ಒಳ್ಳೆಯದು. ಬರದಿದ್ದರೆ ಮಗ್ಗಿ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ಏಳನೇ ಹಂತಕ್ಕೆ ಬೇಕಾಗುತ್ತದೆ. ಅಲ್ಲಿಯತನಕ ಅದು ಒಳಗಿರಲಿ.

ಬೇರೆ ಬಣ್ಣದ ಪೆನ್ನು ಯಾಕೆಂದರೆ, ಎಲ್ಲಿ ಕಾಟು ಬಿತ್ತು, ಅದರ ಪಕ್ಕ ಯಾವ ಹೊಸ ಸಂಖ್ಯೆ ಬಂತು ಅನ್ನುವುದು ಆಮೇಲೆ ಕಾಣಬೇಕು. ಒಂದೇ ಪೆನ್ಸಿಲಿನಲ್ಲಿ ಹೊಡೆದು, ಒರೆಸಿ, ಮತ್ತೆ ಬರೆದ ಪುಟದಲ್ಲಿ ತಪ್ಪು ಹುಡುಕುವುದು ನನ್ನಿಂದಲೂ ಆಗುವುದಿಲ್ಲ.

## ಹಂತ 1: ಏನು ಕೇಳಿದ್ದಾರೆ ಅಂತ ಮೊದಲು ಓದಿ

ಗುಣಾಕಾರ ಎರಡು ವೇಷದಲ್ಲಿ ಬರುತ್ತದೆ. ಒಂದು, ಇದ್ದ ವಸ್ತುವಿನ ಪಾಲು ತೆಗೆಯುವುದು. "24ರ 3/8", "24ರಲ್ಲಿ 3/8 ಭಾಗ", "ಮುಕ್ಕಾಲು ಪಾಲು" ಇವೆಲ್ಲ ಈ ಜಾತಿ. ಇಲ್ಲಿ 'ರ', 'ರಲ್ಲಿ' ಅನ್ನುವ ಪ್ರತ್ಯಯವನ್ನೇ ಗುಣಾಕಾರದ ಚಿಹ್ನೆ ಅಂತ ಓದಬೇಕು. ಇನ್ನೊಂದು, ಸಣ್ಣ ಅಳತೆಯನ್ನು ಹಲವು ಸಲ ಕೂಡಿಸುವುದು. "ಹತ್ತು ಮನೆಗೆ ತಲಾ 3/4 ಲೀಟರ್ ಹಾಲು" ಅಂದರೆ 3/4 ಅನ್ನು ಹತ್ತು ಸಲ ಕೂಡಿಸಬೇಕು, ಅಂದರೆ 10 × 3/4. ವೇಷ ಬೇರೆಯಾದರೂ ಮಾಡುವ ಕೆಲಸ ಒಂದೇ.

ಮೋಸವಾಗುವುದು 'ಉಳಿದದ್ದು' ಅನ್ನುವ ಮಾತಿನಲ್ಲಿ. ಕಾರವಾರದ ಬೈತಖೋಲ ಬಂದರಿಗೆ 40 ಬುಟ್ಟಿ ಬಂಗಡೆ ಬಂತು, ಅದರಲ್ಲಿ 3/8 ಭಾಗ ಬೆಳಿಗ್ಗೆಯೇ ಮಾರಾಟವಾಯಿತು, ಉಳಿದದ್ದೆಷ್ಟು ಅಂತ ಲೆಕ್ಕ ಅಂದುಕೊಳ್ಳಿ. 40 × 3/8 ಮಾಡಿದರೆ 15 ಬರುತ್ತದೆ, ಅದು ಮಾರಿದ್ದು. ಕೇಳಿದ್ದು 25. ಇದಕ್ಕೆ ಸುಲಭದ ದಾರಿ ಎಂದರೆ ಒಂದರಿಂದ 3/8 ಕಳೆದು, ಉಳಿದ 5/8ರಿಂದ ನೇರ ಗುಣಿಸುವುದು. ಪ್ರಶ್ನೆಯಲ್ಲಿ 'ಉಳಿದ', 'ಮಿಕ್ಕ', 'ಬಾಕಿ' ಕಂಡರೆ ಆ ಪದದ ಸುತ್ತ ಒಂದು ವೃತ್ತ ಹಾಕಿಬಿಡಿ.

## ಹಂತ 2: ಅಂದಾಜು ಬರೆದಿಡಿ

ಮಕ್ಕಳು ಬಿಟ್ಟುಬಿಡುವ ಹಂತ ಇದೇ, ಹೆಚ್ಚು ತಪ್ಪು ಹಿಡಿದುಕೊಡುವುದೂ ಇದೇ.

"ಗುಣಿಸಿದ್ರೆ ದೊಡ್ಡದಾಗ್ಬೇಕಲ್ಲ, ಇದೆಂತಕ್ಕೆ ಸಣ್ಣ ಆಯ್ತು?" ಅನ್ನುವ ಪ್ರಶ್ನೆ ನನ್ನ ಜಗಲಿಯಲ್ಲಿ ಪ್ರತಿ ಮಳೆಗಾಲ ಏಳುತ್ತದೆ. ಪೂರ್ಣ ಸಂಖ್ಯೆಗಳ ಮಗ್ಗಿ ಮಾತ್ರ ಕಲಿತವರಿಗೆ ಹಾಗೆ ಅನಿಸುವುದು ಸಹಜ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸುಮಾರು 60 ಕಿ.ಮೀ. ದಾರಿ. ಆ ದಾರಿಯನ್ನು ಎರಡು ಸಲ ಸುತ್ತಿದರೆ 60 × 2. ಒಂದೇ ಸಲ ಬಂದರೆ 60 × 1. ದಾರಿಯ ಮೂರರಲ್ಲಿ ಎರಡು ಪಾಲು ಬಂದು ಬಸ್ಸು ಕೆಟ್ಟು ನಿಂತರೆ 60 × 2/3. ಪೂರ್ತಿ ಒಂದು ಸಲವೂ ಬರಲಿಲ್ಲವಲ್ಲ, ಅರವತ್ತಕ್ಕಿಂತ ಹೆಚ್ಚಾಗುವುದು ಹೇಗೆ? ಉತ್ತರ 40.

ಆದ್ದರಿಂದ ಭಿನ್ನರಾಶಿಯಲ್ಲಿ ಮೇಲಿನ ಅಂಶ ಕೆಳಗಿನ ಛೇದಕ್ಕಿಂತ ಚಿಕ್ಕದಿದ್ದರೆ ಉತ್ತರ ಪೂರ್ಣ ಸಂಖ್ಯೆಗಿಂತ ಕಡಿಮೆ. ಅಂಶ ದೊಡ್ಡದಿದ್ದರೆ ಉತ್ತರ ಹೆಚ್ಚು. ಇನ್ನೂ ಹತ್ತಿರ ಹೋಗಬೇಕೆಂದರೆ ಅರ್ಧದ ಜೊತೆ ಹೋಲಿಸಿ. ಅಂಶವನ್ನು ಎರಡರಿಂದ ಗುಣಿಸಿ ಛೇದದ ಪಕ್ಕ ಇಟ್ಟು ನೋಡಿ. 5/8ರಲ್ಲಿ 5ರ ಎರಡರಷ್ಟು 10, ಅದು 8ಕ್ಕಿಂತ ದೊಡ್ಡದು, ಹಾಗಾಗಿ 5/8 ಅರ್ಧಕ್ಕಿಂತ ತುಸು ಹೆಚ್ಚು. ಹನ್ನೆರಡರ ಅರ್ಧ ಆರು. ಉತ್ತರ ಆರಕ್ಕಿಂತ ಸ್ವಲ್ಪ ಮೇಲೆ, ಹನ್ನೆರಡಕ್ಕಿಂತ ಕೆಳಗೆ ಬರಬೇಕು.

ಈಗ ಮೊದಲಿನ ಉತ್ತರಗಳನ್ನು ನೋಡಿ. 60/96 ಒಂದನ್ನೂ ಮುಟ್ಟುವುದಿಲ್ಲ. 17/8 ಎರಡರ ಆಸುಪಾಸು, ಅದು ಗುಣಿಸುವ ಬದಲು ಹನ್ನೆರಡಕ್ಕೆ ಐದು ಕೂಡಿಸಿದವನದು. ಎರಡೂ ಅಂದಾಜಿನಲ್ಲೇ ಬಿದ್ದುಹೋದವು. 60/8 ಬರೆದವನು ಮಾತ್ರ ಸರಿ ದಾರಿಯಲ್ಲಿದ್ದಾನೆ, ನಡುವೆ ನಿಂತಿದ್ದಾನೆ ಅಷ್ಟೆ.

ನಮ್ಮ ಅಜ್ಜಂದಿರು ಇದನ್ನು ಆಣೆಯಲ್ಲಿ ಮಾಡುತ್ತಿದ್ದರು. ರೂಪಾಯಿಗೆ ಹದಿನಾರಾಣೆ, ಮುಕ್ಕಾಲಿಗೆ ಹನ್ನೆರಡಾಣೆ, ಅರ್ಧಕ್ಕೆ ಎಂಟಾಣೆ. "ಹನ್ನೆರಡಾಣೆ ಕೆಲಸ ಆತು" ಅಂದರೆ ಇನ್ನೆಷ್ಟು ಬಾಕಿ ಅಂತ ಕೇಳಿದವರಿಗೆ ತಕ್ಷಣ ತಿಳಿಯುತ್ತಿತ್ತು. ಆ ಅಂದಾಜು ಈಗಿನ ಮಕ್ಕಳ ಬಾಯಲ್ಲಿಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡರೂ ಸಾಕು.

## ಹಂತ 3: ಎಲ್ಲವನ್ನೂ ಮೇಲೆ-ಕೆಳಗೆ ಇರುವಂತೆ ಬರೆಯಿರಿ

ಪೂರ್ಣ ಸಂಖ್ಯೆಯ ಕೆಳಗೆ 1 ಹಾಕಿ. 12 × 5/8 ಅನ್ನುವುದು 12/1 × 5/8 ಆಗುತ್ತದೆ. ಒಂದರಿಂದ ಭಾಗಿಸಿದರೆ ಬೆಲೆ ಬದಲಾಗುವುದಿಲ್ಲ, ಆದರೆ ಹನ್ನೆರಡು ಮೇಲಿನ ಮನೆಯವನು ಅನ್ನುವುದು ಕಣ್ಣಿಗೆ ಕಾಣುತ್ತದೆ. 8ನ್ನೂ 12ರಿಂದ ಗುಣಿಸುವ ತಪ್ಪು ಹೆಚ್ಚುಕಡಿಮೆ ಇಲ್ಲೇ ನಿಂತುಹೋಗುತ್ತದೆ. ದೊಡ್ಡ ಮಕ್ಕಳು "ಇದು ಗೊತ್ತೇ ಇದೆ" ಅಂತ 1 ಬರೆಯುವುದಿಲ್ಲ. ಸತತ ಇಪ್ಪತ್ತು ಲೆಕ್ಕ ಸರಿಯಾದ ಮೇಲೆ ಬಿಡಲಿ, ಅಲ್ಲಿಯವರೆಗೆ ಬರೆಯಲಿ.

ಗೀಟು ಅಡ್ಡಡ್ಡ ಇರಲಿ. ನಾನು ಇಲ್ಲಿ ಒಂದೇ ಸಾಲಿನಲ್ಲಿ ಬರೆಯಬೇಕಾಗಿ ಬಂದು ಓರೆಗೀಟು ಹಾಕಿದ್ದೇನೆ, ನೀವು ಪುಸ್ತಕದಲ್ಲಿ ಹಾಕಬೇಡಿ. ಆರೂಮುಕ್ಕಾಲು ಅನ್ನುವುದನ್ನು ಓರೆಗೀಟಿನಲ್ಲಿ ಒತ್ತೊತ್ತಾಗಿ ಬರೆದು, ಮುಂದಿನ ಸಾಲಿನಲ್ಲಿ ತಾನೇ ಅದನ್ನು 63/4 ಅಂತ ಓದಿಕೊಂಡವನನ್ನು ಕಂಡಿದ್ದೇನೆ.

ಮಿಶ್ರ ಭಿನ್ನರಾಶಿ ಇದ್ದರೆ ಈ ಹಂತದಲ್ಲೇ ಅದನ್ನು ವಿಷಮ ಭಿನ್ನರಾಶಿ ಮಾಡಿ. 2¾ ಅಂದರೆ ನಾಲ್ಕೆರಡ್ಲಿ ಎಂಟು, ಎಂಟಕ್ಕೆ ಮೂರು ಕೂಡಿಸಿದರೆ ಹನ್ನೊಂದು, ಹಾಗಾಗಿ 11/4.

ಇದನ್ನು ಬಿಟ್ಟರೆ ಏನಾಗುತ್ತದೆ ಅಂತ ಒಂದು ಊಟದ ಲೆಕ್ಕದಲ್ಲಿ ನೋಡಿ. ಶಿರಸಿ ಕಡೆಯ ಮದುವೆ ಮನೆ. ಒಂದು ಪಂಕ್ತಿಗೆ 2¾ ಕೊಡ ಅಪ್ಪೆಹುಳಿ ಬೇಕು, ಒಟ್ಟು 6 ಪಂಕ್ತಿ. ಅವಸರದವರು 6 ಎರಡ್ಲಿ 12, ಅದಕ್ಕೆ ಮುಕ್ಕಾಲು ಸೇರಿಸಿ 12¾ ಅಂದುಬಿಡುತ್ತಾರೆ. ಪ್ರತಿ ಪಂಕ್ತಿಯಲ್ಲೂ ಆ ಮುಕ್ಕಾಲು ಕೊಡ ಇದೆ, ಒಂದೇ ಸಲ ಅಲ್ಲ. ಸರಿಯಾದ ಲೆಕ್ಕ 6/1 × 11/4, ಅಂದರೆ 33/2, ಅಂದರೆ 16½ ಕೊಡ. 12¾ ಮಾಡಿಟ್ಟರೆ ಐದನೇ ಪಂಕ್ತಿ ಮುಗಿಯುವ ಮೊದಲೇ ಕೊಡ ಬರಿದು, ಕೊನೆಯ ಪಂಕ್ತಿಯಲ್ಲಿ ಕೂತವರು ಸಾಮಾನ್ಯವಾಗಿ ಮನೆಯವರೇ!

## ಹಂತ 4: ಕಾಟು ಹಾಕಿ

ಪುಸ್ತಕದಲ್ಲಿ ಸಂಕ್ಷೇಪಿಸುವುದು ಅನ್ನುತ್ತಾರೆ, ನಮ್ಮ ಕಡೆ ಕಾಟು ಹಾಕುವುದು. ಈ ಹಂತಕ್ಕೆ ಸಮಯ ಕೊಡಿ, ಇಡೀ ಲೆಕ್ಕ ಇಲ್ಲೇ ಗೆಲ್ಲುವುದು ಅಥವಾ ಕೆಡುವುದು.

ನಿಯಮ ಇದು: ಮೇಲಿನದೊಂದು, ಕೆಳಗಿನದೊಂದು ಆಯ್ದುಕೊಳ್ಳಿ. ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಒಂದೇ ಸಂಖ್ಯೆಯಿಂದ ಎರಡನ್ನೂ ಭಾಗಿಸಿ. ಹಳೆಯದನ್ನು ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. 12/1 × 5/8ರಲ್ಲಿ ಮೇಲೆ 12, ಕೆಳಗೆ 8. ಎರಡೂ 4ರಿಂದ ಹೋಗುತ್ತವೆ. 12ರ ಜಾಗಕ್ಕೆ 3, 8ರ ಜಾಗಕ್ಕೆ 2. ಈಗ ಉಳಿದದ್ದು 3/1 × 5/2.

ಹೀಗೆ ಹೊಡೆಯುವುದು ನ್ಯಾಯವೇ ಅಂತ ಕೆಲವರಿಗೆ ಅನುಮಾನ. ಜಾಗದ ಅಳತೆ ತೆಗೆದುಕೊಳ್ಳಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. ಅದರ 2/3 ಎಷ್ಟು? ಜಾಗವನ್ನು ಮೊದಲು ಮೂರು ಪಾಲು ಮಾಡಿದರೆ ಒಂದು ಪಾಲು 363, ಎರಡು ಪಾಲಿಗೆ 726. ಇದರ ಬದಲು 1089ರ ಎರಡರಷ್ಟು, 2178 ಮಾಡಿ, ಆಮೇಲೆ ಮೂರರಿಂದ ಭಾಗಿಸಿದರೂ 726. ಮೊದಲು ಭಾಗಿಸುವುದೇ ಕಾಟು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಯಾರೂ ಇರುವ ಜಾಗವನ್ನು ಮೊದಲು ಎರಡರಷ್ಟು ಮಾಡಿಕೊಂಡು ಕೂರುವುದಿಲ್ಲವಲ್ಲ.

ಇದೇ ಗುಂಟೆಯ 5/12 ಬೇಕೆಂದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಮೊದಲೇ ಗುಣಿಸಿದವರ ಕೈಯಲ್ಲಿ 5445/12 ಇರುತ್ತದೆ, ಅದನ್ನು ಎಲ್ಲಿಂದ ಹಿಡಿಯುವುದು ಅಂತ ತಲೆ ಕೆರೆದುಕೊಳ್ಳುತ್ತಾರೆ. ಮೊದಲು ಕಾಟು ಹಾಕಿದವರು 1089ನ್ನೂ 12ನ್ನೂ 3ರಿಂದ ಭಾಗಿಸಿ 363/1 × 5/4ಕ್ಕೆ ಬಂದಿರುತ್ತಾರೆ. ಅದು 1815/4, ಅಂದರೆ 453¾ ಚದರ ಅಡಿ.

### ಯಾವ ಸಂಖ್ಯೆಯಿಂದ ಹೋಗುತ್ತದೆ ಅಂತ ಹುಡುಕುವುದು

1089ರ ಅಪವರ್ತನಗಳನ್ನೆಲ್ಲ ಪಟ್ಟಿ ಮಾಡುತ್ತಾ ಕೂತವರನ್ನು ನೋಡಿದ್ದೇನೆ. ಬೇಡ. ಹುಡುಕಾಟವನ್ನು ಛೇದದಿಂದ ಶುರು ಮಾಡಿ, ಅದು ಬಹುತೇಕ ಚಿಕ್ಕ ಸಂಖ್ಯೆ. 12 ಅಂದರೆ 2 × 2 × 3. ಹಾಗಾಗಿ 1089 ಎರಡರಿಂದ ಹೋಗುತ್ತದೆಯೇ, ಮೂರರಿಂದ ಹೋಗುತ್ತದೆಯೇ ಅಂತ ಎರಡೇ ಪ್ರಶ್ನೆ. ಕೊನೆಯ ಅಂಕಿ 9, ಬೆಸ, ಆದ್ದರಿಂದ ಎರಡು ಇಲ್ಲ. ಅಂಕಿಗಳ ಮೊತ್ತ 1 + 0 + 8 + 9 = 18, ಮೂರರಿಂದ ಹೋಗುತ್ತದೆ. ಮುಗಿಯಿತು. ಐದು, ಏಳು, ಹನ್ನೊಂದು ಯಾವುದನ್ನೂ ನೋಡಬೇಕಿಲ್ಲ, ಅವು ಛೇದದಲ್ಲೇ ಇಲ್ಲ.

ಏನೂ ಹೋಗದ ಸಂದರ್ಭವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಒಟ್ಟು 61 ದಿನ. ಅದರ ಮುಕ್ಕಾಲು ಪಾಲು ಕಳೆದಿದೆ ಅಂದರೆ 61 × 3/4. ಛೇದ 4, ಅದರಲ್ಲಿರುವುದು ಎರಡು ಮಾತ್ರ, 61 ಬೆಸ. ಕಾಟಿಗೆ ಜಾಗವಿಲ್ಲ. ಇಂಥಲ್ಲಿ "ಏನಾದ್ರೂ ಹೊಡೀಲೇಬೇಕು" ಅಂತ ಮನಸ್ಸು ಎಳೆಯುತ್ತದೆ, ಎಳೆಸಿಕೊಳ್ಳಬೇಡಿ. ಸೀದಾ ಮುಂದಿನ ಹಂತಕ್ಕೆ ಹೋಗಿ, 183/4.

ಇನ್ನು ಕೆಲವು ಸಂಖ್ಯೆಗಳು ಏನೂ ಹೋಗದವರ ಹಾಗೆ ಕೂತಿರುತ್ತವೆ. 51, 57, 87, 91, 119, 133. ಇವುಗಳಲ್ಲಿ 51 ಅಂದರೆ 3 × 17, 57 ಅಂದರೆ 3 × 19, 87 ಅಂದರೆ 3 × 29. ಕೊನೆಯ ಮೂರೂ ಏಳರವು: 7 × 13, 7 × 17, 7 × 19. ಇವನ್ನು ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟುಕೊಂಡರೂ ನಷ್ಟವಿಲ್ಲ.

57 × 5/76 ಬಂತು, ಏನೂ ಹೊಳೆಯುತ್ತಿಲ್ಲ ಅಂದುಕೊಳ್ಳಿ. ಆಗ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 76ರಲ್ಲಿ 57 ಹೋದರೆ 19. ಈಗ 57ರಲ್ಲಿ 19ನ್ನು ಕಳೆಯುತ್ತಾ ಹೋಗಿ: 38, 19, ಸೊನ್ನೆ. ಸೊನ್ನೆಗೆ ಮುಟ್ಟಿಸಿದ ಆ 19 ಎರಡರ ಮ.ಸಾ.ಅ., ಅಂದರೆ ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಎರಡನ್ನೂ ಅದರಿಂದ ಭಾಗಿಸಿದರೆ 3/1 × 5/4, ಅಂದರೆ 15/4, ಅಂದರೆ 3¾. ಅಪವರ್ತನ ಹುಡುಕಲು ಬಾರದವರೂ ಕಳೆಯಬಲ್ಲರು. ಎಂಥ ದೊಡ್ಡ ಜೋಡಿಗೂ ಈ ಉಪಾಯ ಕೈಕೊಡುವುದಿಲ್ಲ, ಹೊತ್ತು ತಗಲುತ್ತದೆ ಅಷ್ಟೆ.

### ಕಾಟಿನಲ್ಲಿ ಆಗುವ ತಪ್ಪುಗಳು

ಎರಡೂ ಮೇಲಿನವನ್ನೇ ಹೊಡೆಯುವುದು. 6 × 3/7ರಲ್ಲಿ 6 ಮತ್ತು 3 ಕಂಡ ಕೂಡಲೇ ಕೈ ತುರಿಸುತ್ತದೆ, 2 × 1/7 ಅಂತ ಬರೆದು 2/7 ಅನ್ನುತ್ತಾರೆ. 6 ಮತ್ತು 3 ಎರಡೂ ಮೇಲಿನವು, ಅವುಗಳ ನಡುವೆ ಇರುವುದು ಗುಣಾಕಾರ, ಭಾಗಾಕಾರ ಅಲ್ಲ. ಸರಿಯಾದದ್ದು 18/7. ಹಂತ 3ರಲ್ಲಿ ಕೆಳಗೆ 1 ಬರೆದವರು ಈ ತಪ್ಪು ಮಾಡುವುದು ಅಪರೂಪ.

ಬೇರೆ ಬೇರೆ ಸಂಖ್ಯೆಯಿಂದ ಭಾಗಿಸುವುದು. 12ನ್ನು 4ರಿಂದ, 8ನ್ನು 2ರಿಂದ ಭಾಗಿಸಿ 3 ಮತ್ತು 4 ಬರೆಯುವುದು ಗಡಿಬಿಡಿಯ ತಪ್ಪು. ಅಂಚಿನಲ್ಲಿ "÷4" ಅಂತ ಸಣ್ಣದಾಗಿ ಬರೆದುಕೊಂಡರೆ ಎರಡಕ್ಕೂ ಅದೇ ಬೀಳುತ್ತದೆ.

ಪೂರ್ತಿ ಹೋದಾಗ ಸೊನ್ನೆ ಬರೆಯುವುದು. 8 × 3/8ರಲ್ಲಿ ಎಂಟಕ್ಕೆ ಎಂಟು ಹೋದರೆ ಉಳಿಯುವುದು 1, ಸೊನ್ನೆ ಅಲ್ಲ. ಎಂಟನ್ನು ಎಂಟರಿಂದ ಭಾಗಿಸಿದ್ದು, ಎಂಟರಿಂದ ಎಂಟು ಕಳೆದದ್ದಲ್ಲ. ಏನೂ ಬರೆಯದೆ ಬಿಟ್ಟವರು ಮುಂದಿನ ಸಾಲಿನಲ್ಲಿ ಅದನ್ನೇ ಸೊನ್ನೆ ಅಂದುಕೊಳ್ಳುತ್ತಾರೆ. ಹಾಗಾಗಿ 1 ಅಂತ ಬರೆದೇಬಿಡಿ.

ಒಂದೇ ಸಲ ಹೊಡೆದು ನಿಲ್ಲುವುದು. 36 × 7/48ರಲ್ಲಿ ಎರಡರಿಂದ ಭಾಗಿಸಿ 18 ಮತ್ತು 24 ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಇನ್ನೂ 6ರಿಂದ ಹೋಗುತ್ತದೆ, 3 ಮತ್ತು 4. ಉತ್ತರ 21/4, ಅಂದರೆ 5¼. ಮೊದಲೇ 12ರಿಂದ ಭಾಗಿಸಿದರೆ ಒಂದೇ ಏಟಿಗೆ ಆಗುತ್ತಿತ್ತು, ಆದರೆ ಹೊಳೆಯದಿದ್ದರೆ ಸಣ್ಣ ಸಣ್ಣದಾಗಿ ಇಳಿಸುವುದೂ ತಪ್ಪಲ್ಲ. ಕಾಟು ಹಾಕಿದ ಮೇಲೆ ಹೊಸ ಸಂಖ್ಯೆಗಳನ್ನು ಮತ್ತೊಮ್ಮೆ ನೋಡಬೇಕು, ಅದನ್ನು ಮರೆಯದಿದ್ದರೆ ಸಾಕು.

ಮತ್ತೊಂದು, ಇದು ದೊಡ್ಡ ತರಗತಿಯಲ್ಲಿ ಕಾಡುವುದು. ಕಾಟು ಗುಣಾಕಾರದ ಚಿಹ್ನೆ ಇದ್ದಲ್ಲಿ ಮಾತ್ರ. 12 + 5/8ರಲ್ಲಿ 12ಕ್ಕೂ 8ಕ್ಕೂ ಯಾವ ಸಂಬಂಧವೂ ಇಲ್ಲ, ಅಲ್ಲಿ ಪೆನ್ನು ಮುಟ್ಟಬೇಡಿ.

## ಹಂತ 5: ಈಗ ಗುಣಿಸಿ

ಮೇಲಿನವನ್ನು ಮೇಲಿನವುಗಳಿಂದ, ಕೆಳಗಿನವನ್ನು ಕೆಳಗಿನವುಗಳಿಂದ. 3/1 × 5/2 = 15/2. ಕೆಳಗೆ 1 ಉಳಿದರೆ ಉತ್ತರ ಪೂರ್ಣ ಸಂಖ್ಯೆ, ಲೆಕ್ಕ ಅಲ್ಲಿಗೇ ಮುಗಿಯಿತು.

## ಹಂತ 6: ಮಿಶ್ರ ರೂಪಕ್ಕೆ ತನ್ನಿ, ಮಾನ ಬರೆಯಿರಿ

15/2 ಅಂದರೆ 15ನ್ನು 2ರಿಂದ ಭಾಗಿಸಿ. ಭಾಗಲಬ್ಧ 7, ಶೇಷ 1. ಭಾಗಲಬ್ಧ ಪೂರ್ಣ ಭಾಗವಾಗುತ್ತದೆ, ಶೇಷ ಮೇಲೆ ಹೋಗುತ್ತದೆ, ಛೇದ ಇದ್ದದ್ದೇ ಇರುತ್ತದೆ: 7½. ಮೀನುಗಾರಿಕೆ ನಿಷೇಧದ 183/4ರಲ್ಲಿ ಭಾಗಲಬ್ಧ 45, ಶೇಷ 3, ಅಂದರೆ 45¾ ದಿನ. ಮಕ್ಕಳು ಶೇಷವನ್ನೂ ಭಾಗಲಬ್ಧವನ್ನೂ ಅದಲುಬದಲು ಮಾಡುತ್ತಾರೆ. ಹಂತ 2ರ ಅಂದಾಜು ಪಕ್ಕದಲ್ಲಿದ್ದರೆ "ಮೂರು ಪೂರ್ಣ, ನಾಲ್ಕರಲ್ಲಿ ನಲವತ್ತೈದು" ಅನ್ನುವುದು ಎಷ್ಟು ಅಡ್ನಾಡಿ ಉತ್ತರ ಅಂತ ತಾವೇ ಕಾಣುತ್ತಾರೆ.

ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಮನೆಯ ಲೆಕ್ಕದಲ್ಲಿ ಇನ್ನೊಂದು ಹೆಜ್ಜೆ ಇದೆ, ಅಲ್ಲೇ ದೊಡ್ಡವರೂ ಬೀಳುತ್ತಾರೆ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು) ಅನ್ನುವ ಹಳೆಯ ಲೆಕ್ಕವಿದೆ. ಮುಕ್ಕಾಲು ಎಕರೆ ತೋಟಕ್ಕೆ ಎಷ್ಟು? 9 × 3/4 = 27/4 = 6¾ ಎಕರೆ. ಕ್ಯಾಲ್ಕುಲೇಟರ್ ಇದನ್ನೇ 6.75 ಅನ್ನುತ್ತದೆ. ಕುಟುಂಬವೊಂದರ ಪಾಲಿನ ಚೀಟಿಯಲ್ಲಿ ಬರೆದ ಇಂಥದ್ದೇ ಒಂದು ದಶಮಾಂಶವನ್ನು ಆರು ಎಕರೆ ಎಪ್ಪತ್ತೈದು ಗುಂಟೆ ಅಂತ ಓದಿ ಅರ್ಧ ದಿನ ವಾದ ನಡೆದದ್ದಕ್ಕೆ ನಾನೇ ಸಾಕ್ಷಿ. ಎಕರೆಗೆ ಇರುವುದೇ 40 ಗುಂಟೆ, ಎಪ್ಪತ್ತೈದು ಎಲ್ಲಿಂದ ಬರಬೇಕು? ಭಿನ್ನರಾಶಿಯ ಭಾಗವನ್ನು ಮತ್ತೆ ಗುಣಿಸಬೇಕು: 40 × 3/4 = 30. ಆದ್ದರಿಂದ 6 ಎಕರೆ 30 ಗುಂಟೆ.

ಇದೇ ರೀತಿ ಒಂದು ಎಕರೆಯ 5/16 ಅಂದರೆ 40 × 5/16, ಎಂಟರಿಂದ ಕಾಟು ಹಾಕಿದರೆ 25/2, ಅಂದರೆ 12½ ಗುಂಟೆ. ಗುಂಟೆಗೆ 16 ಆಣೆ, ಅರ್ಧಕ್ಕೆ 8. ಹನ್ನೆರಡು ಗುಂಟೆ ಎಂಟು ಆಣೆ. 45¾ ದಿನವನ್ನೂ ಹಾಗೆಯೇ ಬಿಡಿಸಬಹುದು: 24 × 3/4 = 18, ನಲವತ್ತೈದು ದಿನ ಹದಿನೆಂಟು ತಾಸು.

ನಡುವಿನ ಸಾಲುಗಳಲ್ಲಿ ಮಾತ್ರ ಮಿಶ್ರ ರೂಪ ಮಾಡಬೇಡಿ. ಇನ್ನೊಂದು ಗುಣಾಕಾರ ಬಾಕಿ ಇದ್ದರೆ 15/2 ಹಾಗೇ ಇರಲಿ, 7½ ಮಾಡಿದರೆ ಮತ್ತೆ ಹಿಂದಕ್ಕೆ ತಿರುಗಿಸಬೇಕು.

## ಹಂತ 7: ತಾಳೆ ನೋಡಿ

ಬಂದ ಉತ್ತರವನ್ನು ಮೂಲ ಛೇದದಿಂದ ಗುಣಿಸಿ. ಪೂರ್ಣ ಸಂಖ್ಯೆಯನ್ನು ಮೂಲ ಅಂಶದಿಂದ ಗುಣಿಸಿ. ಎರಡೂ ಒಂದೇ ಬರಬೇಕು. 7½ × 8 = 60, 12 × 5 = 60. ತಾಳೆ ಆಯಿತು.

ಕ್ಯಾಲ್ಕುಲೇಟರಿನಲ್ಲಿ ನೋಡುವವರು ಒತ್ತುವ ಅನುಕ್ರಮದ ಮೇಲೆ ಕಣ್ಣಿಡಿ. ಕಾಗದದ ಮೇಲೆ ಗುಣಿಸುವುದು ಕೊನೆಗೆ ಅಂದೆ. ಯಂತ್ರದಲ್ಲಿ ತದ್ವಿರುದ್ಧ, ಮೊದಲು ಗುಣಿಸಿ ಆಮೇಲೆ ಭಾಗಿಸಿ: 1089 × 5 ÷ 12 = 453.75. ಮೊದಲು 5 ÷ 12 ಮಾಡಿದರೆ 0.41666 ಅಂತ ಮುಗಿಯದ ಬಾಲ ಬರುತ್ತದೆ. ಅದನ್ನು 0.41 ಅಂತ ಕತ್ತರಿಸಿ ಗುಣಿಸಿದರೆ 446.49. ಏಳು ಚದರ ಅಡಿಗೂ ಹೆಚ್ಚು ಜಾಗ ಮಾಯ.

## ಒಂದು ಲೆಕ್ಕ, ಮೊದಲಿಂದ ಕೊನೆವರೆಗೆ

ಕೂಡು ಕುಟುಂಬದ 84 ಕೆ.ಜಿ. ಚಾಲಿ ಅಡಿಕೆಯಲ್ಲಿ 7/18 ಪಾಲು ಚಿಕ್ಕಪ್ಪನದು ಅಂತ ಇಟ್ಟುಕೊಳ್ಳಿ. ಅವನಿಗೆ ಎಷ್ಟು ಕೆ.ಜಿ.?

'ಉಳಿದ' ಅನ್ನುವ ಪದ ಇಲ್ಲ, ನೇರ ಪಾಲು. ಅಂದಾಜು: 7ರ ಎರಡರಷ್ಟು 14, ಅದು 18ಕ್ಕಿಂತ ಕಡಿಮೆ, ಹಾಗಾಗಿ ಅರ್ಧಕ್ಕಿಂತ ಕಡಿಮೆ. 42 ಕೆ.ಜಿ. ಒಳಗೆ. 6/18 ಅಂದರೆ ಮೂರನೇ ಒಂದು, 28 ಕೆ.ಜಿ., ಅದಕ್ಕಿಂತ ಸ್ವಲ್ಪ ಮೇಲೆ. ಬರೆಯುವುದು: 84/1 × 7/18. ಛೇದ 18ರಲ್ಲಿರುವುದು 2, 3, 3. 84 ಸಮ ಸಂಖ್ಯೆ, ಎರಡರಿಂದ 42 ಮತ್ತು 9. 42ರ ಅಂಕಿಗಳ ಮೊತ್ತ 6, ಮೂರರಿಂದ 14 ಮತ್ತು 3. 14 ಮೂರರಿಂದ ಹೋಗುವುದಿಲ್ಲ, 7ಕ್ಕೂ 3ಕ್ಕೂ ಸಂಬಂಧವಿಲ್ಲ, ಕಾಟು ಮುಗಿಯಿತು. ಗುಣಿಸಿದರೆ 98/3. ಭಾಗಲಬ್ಧ 32, ಶೇಷ 2, ಉತ್ತರ 32⅔ ಕೆ.ಜಿ. ಅಂದಾಜಿನೊಳಗಿದೆ. ತಾಳೆ: 32⅔ × 18 = 588, 84 × 7 = 588. ತಕ್ಕಡಿಯಲ್ಲಿ ತೂಗುವಾಗ 32 ಕೆ.ಜಿ. 667 ಗ್ರಾಂ ಆಸುಪಾಸು.

## ಈ ಗುರುತು ಕಂಡರೆ ಅಲ್ಲೇ ನಿಲ್ಲಿ

ನಾಲ್ಕನೇ ಹಂತ ಮುಗಿದ ಮೇಲೂ ಮೇಲೊಂದು ಸಮ ಸಂಖ್ಯೆ, ಕೆಳಗೊಂದು ಸಮ ಸಂಖ್ಯೆ ಉಳಿದಿದ್ದರೆ ಕಾಟು ಬಾಕಿ ಇದೆ. ಉತ್ತರವನ್ನು ಸಂಕ್ಷೇಪಿಸಿದಾಗ ಕೊಟ್ಟ ಭಿನ್ನರಾಶಿಯೇ ವಾಪಸು ಬಂದರೆ, ಮತ್ತು ಪೂರ್ಣ ಸಂಖ್ಯೆ 1 ಆಗಿರದಿದ್ದರೆ, ಛೇದವನ್ನೂ ಗುಣಿಸಿದ್ದೀರಿ. ಮಿಶ್ರ ರೂಪದಲ್ಲಿ ಮೇಲಿನ ಅಂಕಿ ಕೆಳಗಿನದಕ್ಕಿಂತ ದೊಡ್ಡದಿದ್ದರೆ, ಉದಾಹರಣೆಗೆ 6 ಪೂರ್ಣ 7/4 ಅಂತ ಇದ್ದರೆ, ಭಾಗಾಕಾರ ಅರ್ಧಕ್ಕೆ ನಿಂತಿದೆ.

ಇನ್ನೊಂದು ಗುರುತು ಯಾರೂ ಹೇಳಿಕೊಡುವುದಿಲ್ಲ. ಗುಣಿಸುವ ಮೊದಲು ಕಾಟು ಪೂರ್ತಿ ಆಗಿದ್ದರೆ, ಮಿಶ್ರ ರೂಪದ ಶೇಷ ಮತ್ತು ಛೇದದ ನಡುವೆ ಮತ್ತೆ ಹೊಡೆಯುವಂಥದ್ದು ಏನೂ ಇರುವುದೇ ಇಲ್ಲ. ಉತ್ತರ 5 ಪೂರ್ಣ 2/8 ಅಂತ ಬಂತೆಂದರೆ ಬರೀ 2/8ನ್ನು ¼ ಮಾಡಿ ಸುಮ್ಮನಾಗಬೇಡಿ. ಬೆಲೆ ಸರಿ ಇದ್ದೀತು, ಆದರೆ ಮೇಲೆಲ್ಲೋ ಒಂದು ಕಾಟು ಬಿಟ್ಟುಹೋಗಿದೆ, ಅದನ್ನು ಹೋಗಿ ನೋಡಿ. ಮುಂದಿನ ಲೆಕ್ಕದಲ್ಲಿ ಅದೇ ಕೈ ಅದೇ ಜಾಗದಲ್ಲಿ ತಪ್ಪುತ್ತದೆ.

## ಮಾಡಿ ನೋಡಲು ಐದು ಲೆಕ್ಕ

1. 35 × 4/7
2. 18 × 5/12
3. 51 × 2/85
4. 8 × 3¼
5. 56 ಬುಟ್ಟಿ ತಾರಲೆ ಮೀನಿನಲ್ಲಿ 5/8 ಭಾಗ ಮಾರಾಟವಾಯಿತು. ಉಳಿದದ್ದೆಷ್ಟು?

ಉತ್ತರ ಕ್ರಮವಾಗಿ 20, 7½, 1⅕, 26, 21 ಬುಟ್ಟಿ. ಹೇಳಿಕೊಡುವವರು ಸರಿ-ತಪ್ಪು ಗುರುತು ಹಾಕಿ ಪುಸ್ತಕ ಮುಚ್ಚಬೇಡಿ, ತಪ್ಪು ಉತ್ತರವನ್ನೇ ಓದಿ. ಎರಡನೆಯದಕ್ಕೆ 90/216 ಬಂದಿದ್ದರೆ ಹಂತ 3ರಲ್ಲಿ ಕೆಳಗೆ 1 ಬರೆದಿಲ್ಲ. 45/6 ಬಂದಿದ್ದರೆ ಕಾಟು ಒಂದೇ ಸಲಕ್ಕೆ ನಿಂತಿದೆ. ಮೂರನೆಯದು 102/85 ಅಂತಲೇ ಉಳಿದಿದ್ದರೆ 17 ಕಣ್ಣಿಗೆ ಬಿದ್ದಿಲ್ಲ, ಕಳೆಯುವ ಉಪಾಯ ಮತ್ತೊಮ್ಮೆ ಮಾಡಿಸಿ: 85ರಲ್ಲಿ 51 ಹೋದರೆ 34, 51ರಲ್ಲಿ 34 ಹೋದರೆ 17, 34 ಅಂದರೆ ಎರಡು ಹದಿನೇಳು. ನಾಲ್ಕನೆಯದಕ್ಕೆ 24¼ ಬಂದಿದ್ದರೆ ಅಪ್ಪೆಹುಳಿಯ ಕೊಡ ನೆನಪಿಸಿ. ಐದನೆಯದಕ್ಕೆ 35 ಬಂದಿದ್ದರೆ ಗುಣಾಕಾರ ಸರಿಯಾಗಿಯೇ ಇದೆ, ತಪ್ಪಿದ್ದು ಹಂತ 1. ಆ ಮಗುವಿನ ಕೈಯಲ್ಲಿ ಇನ್ನೂ ಇಪ್ಪತ್ತು ಗುಣಾಕಾರ ಮಾಡಿಸಿ ಪ್ರಯೋಜನವಿಲ್ಲ, ಪ್ರಶ್ನೆಯನ್ನು ಗಟ್ಟಿಯಾಗಿ ಎರಡು ಸಲ ಓದಿಸಿ.